ಗಿಳಿಯ ಪಕ್ಕದಲ್ಲಿ ಕೂತವನು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಮರ್ಯಾದೆ ಇದೆ. ನೆರೆಮನೆಯವನು ಮಾಳಿಗೆ ಕಟ್ಟಿಸಿದರೆ ಪಡಬಹುದು. ಷಡ್ಡಕ ಮೋಟಾರಿನಲ್ಲಿ ಬಂದಿಳಿದರೆ ಪಡಬಹುದು. ಎದುರಿನ ಅಂಗಡಿಯವನಿಗೆ ದೀಪಾವಳಿಯ ವ್ಯಾಪಾರ ಜೋರಾದರಂತೂ ಧಾರಾಳವಾಗಿ ಪಡಬಹುದು, ಯಾರೂ ತಪ್ಪೆನ್ನುವುದಿಲ್ಲ. ಆದರೆ ನನ್ನ ಹೊಟ್ಟೆಕಿಚ್ಚನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಹಾಗೆಯೇ ಇಲ್ಲ. ಅದಕ್ಕೆ ಕಾರಣನಾದವನು ಮಾಳಿಗೆ ಕಟ್ಟಿಸಿದವನಲ್ಲ, ಮೋಟಾರು ಹತ್ತಿದವನೂ ಅಲ್ಲ. ಒಂದು ಹಿಡಿ ನೆನೆಸಿದ ಕಡಲೆಯಲ್ಲಿ ದಿನ ಕಳೆಯುವವನು. ಮೈಯೆಲ್ಲ ಹಸಿರು, ಕೊರಳಿಗೊಂದು ಕೆಂಪು ಪಟ್ಟಿ, ಮೂಗು ಡೊಂಕು. ಹೆಸರು ಮಾಣಿಕ. ನಮ್ಮ ಮನೆಯ ಗಿಳಿ.

ಶಿರಸಿ ಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ನಮ್ಮ ಮೂಲ ಬನವಾಸಿ ಕಡೆ. ಅಪ್ಪ ಗಂಟು ಹೊತ್ತು ಬಂದು ಇಲ್ಲಿ ಅಂಗಡಿ ಹಾಕಿದ, ನಾನು ಅದರಲ್ಲಿ ಕೂತೆ. ಪೇಟೆಯವರೆಲ್ಲ ನನ್ನನ್ನು 'ಸಾವಕಾರ್ರೇ' ಎನ್ನುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಚೆನ್ನಬಸಪ್ಪ ಎಂದು. ಅದು ಅಂಗಡಿಯ ಹಲಗೆಯ ಮೇಲಿದೆ. ಅದನ್ನು ಬಿಟ್ಟರೆ ಇನ್ನೆಲ್ಲೂ ಇಲ್ಲ. ಅವ್ವ ಇರುವವರೆಗೆ 'ಚನಬಸೂ' ಎಂದು ಓಣಿಗೆಲ್ಲ ಕೇಳುವಂತೆ ಕರೆಯುತ್ತಿದ್ದಳು. ಅವಳು ಹೋದ ಮೇಲೆ ಆ ಹೆಸರೂ ಅವಳ ಜೊತೆಗೇ ಹೋಯಿತು.

ಹೆಂಡತಿ ಇಲ್ಲವೇ ಎಂದು ನೀವು ಕೇಳಬಹುದು. ಇದ್ದಾಳೆ, ಗಂಗವ್ವ. ಆದರೆ ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಲ್ಲಿ ತರುವುದಿಲ್ಲ. ತಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. ಮಕ್ಕಳಿರುವ ಮನೆಯಲ್ಲಿ 'ಈರಣ್ಣನ ಅಪ್ಪಾರ' ಎಂದು ಸುತ್ತುಬಳಸಿ ಕರೆಯುವ ದಾರಿಯಾದರೂ ಇರುತ್ತದೆ. ನಮಗೆ ಅದೂ ಇಲ್ಲ. ಹೀಗಾಗಿ ನಾನು 'ಏನ್ರೀ'. ನೆಂಟರ ಮುಂದೆ 'ಅವರು'. ಸಿಟ್ಟು ಬಂದ ದಿನ ಅದೂ ಇಲ್ಲ, ಪಾತ್ರೆಯ ಸದ್ದು ಮಾತ್ರ. ಮದುವೆಯ ದಿನ ಒಂದೇ ಒಂದು ಸಲ ಅವಳು ನನ್ನ ಹೆಸರು ಹೇಳಿದ್ದುಂಟು. ಹೊಸಿಲು ಅಡ್ಡಗಟ್ಟಿ ನಿಂತ ಹುಡುಗಿಯರು ಒಡಪು ಕಟ್ಟಿ ಗಂಡನ ಹೆಸರು ಹೇಳಿದ ಹೊರತು ಒಳಗೆ ಬಿಡುವುದಿಲ್ಲವಲ್ಲ, ಆಗ. ನಾನು ಕಿವಿಯೆಲ್ಲ ಹಿಗ್ಗಿಸಿಕೊಂಡು ಪಕ್ಕದಲ್ಲೇ ನಿಂತಿದ್ದೆ. ಅವಳು ಬಾಯಿ ತೆರೆಯುವುದಕ್ಕೂ ಅಂಗಳದಲ್ಲಿದ್ದ ವಾಲಗದವರು ಸನಾದಿ ಊದುವುದಕ್ಕೂ ಸರಿಯಾಯಿತು. ಹೊಸಿಲಿನಾಚೆಗಿದ್ದವರು ಭಾಳ ಚಂದ ಹೇಳಿದಳು ಎಂದರು. ಕೇಳಬೇಕಾದವನಿಗೆ ಮಾತ್ರ ಕೇಳಲಿಲ್ಲ. ಇಷ್ಟು ವರ್ಷವಾದರೂ ಆ ಸನಾದಿಯವನು ಸಂತೆಯಲ್ಲಿ ಎದುರಾದರೆ ನಾನು ಮುಖ ತಿರುಗಿಸುತ್ತೇನೆ.

ಈ ಮನೆಗೆ ಮಾಣಿಕನನ್ನು ತಂದವನು ನಾನೇ. ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುವುದು ಎಂದರೆ ಇದೇ ಇರಬೇಕು. ನಂದೊಳ್ಳಿ ಕಡೆಯ ಗಾಡಿಯವನೊಬ್ಬ ಬಿದ್ದ ಮರದ ಪೊಟರೆಯಲ್ಲಿ ಸಿಕ್ಕಿತೆಂದು ರೆಕ್ಕೆ ಬಲಿಯದ ಮರಿಯನ್ನು ಅಂಗಡಿಗೆ ತಂದಿದ್ದ. ಪಾಪ, ಮಧ್ಯಾಹ್ನವೆಲ್ಲ ಒಬ್ಬಳೇ ಇರುತ್ತಾಳೆ, ಹೊತ್ತು ಹೋಗಲಿ ಎಂದು ಮನೆಗೆ ಒಯ್ದೆ. ಹೊತ್ತು ಹೋಯಿತು, ಅದರ ಜೊತೆಗೆ ನನ್ನ ಪಾಲೂ ಹೋಯಿತು. ಬೆಳಗಾದರೆ, "ಮಾಣಿಕಾ, ಎದ್ದ್ಯಾ? ನನ್ನ ಬಂಗಾರ, ನಿದ್ದಿ ಬಂತಾ?" ಹಾಸಿಗೆಯ ಮೇಲೆ ನಾನೂ ಎದ್ದು ಕೂತಿರುತ್ತೇನೆ, ನನ್ನ ನಿದ್ದೆಯನ್ನು ವಿಚಾರಿಸುವವರಿಲ್ಲ. "ಮಾಣಿಕಾ, ಪೇರಲ ತಿಂತೀಯಾ? ಮಾಣಿಕಾ, ಬಿಸಿಲು ಹತ್ತತೈತಾ?" ದಿನಕ್ಕೆ ಅದೆಷ್ಟು ಸಲ ಮಾಣಿಕಾ! ಒಂದು ಹೆಸರನ್ನು ಹೀಗೆ ತುಪ್ಪದಲ್ಲಿ ಅದ್ದಿ ಅದ್ದಿ ಕರೆಯಬಲ್ಲ ಬಾಯಿ ನನ್ನ ಮನೆಯಲ್ಲೇ ಇದೆಯೆಂದು ತಿಳಿದ ಮೇಲೆ 'ಏನ್ರೀ' ಎಂಬುದು ರುಚಿಸುವುದು ಹೇಗೆ?

ಆ ಪಕ್ಷಿಗಾದರೂ ನನ್ನ ಉಪಕಾರದ ಸ್ಮರಣೆ ಇದೆಯೇ? ಬೆರಳು ಕೊಟ್ಟರೆ ಕಚ್ಚುತ್ತದೆ. ನಾನು ಒಳಗೆ ಕಾಲಿಟ್ಟೊಡನೆ ಬಾಯಿ ಮುಚ್ಚಿಕೊಂಡು, ವಸೂಲಿಗೆ ಬಂದವನನ್ನು ನೋಡುವ ಹಾಗೆ ಒಂದೇ ಕಣ್ಣಿನಲ್ಲಿ ನೋಡುತ್ತದೆ. "ಇದು ಮೂಗ ಗಿಳಿ" ಎಂದರೆ ಗಂಗವ್ವನಿಗೆ ಸಿಟ್ಟು.

"ಮೂಗ ಯಾಕಾಗತೈತ್ರಿ? ನೀವು ಅಂಗಡಿಗೆ ಹೋದ ಮ್ಯಾಲೆ ಎಷ್ಟ ಮಾತಾಡತೈತಿ!"

"ಏನಂತ ಮಾತಾಡತೈತಿ?"

"ಅದೂ ಇದೂ." ಇಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ಹೊರಟುಬಿಡುತ್ತಿದ್ದಳು. ಪರದೇಶಿ ಬಟ್ಟೆ ಮಾರಬೇಡಿರೆಂದು ಚಳವಳಿಯ ಹುಡುಗರು ಅಂಗಡಿಯ ಬಾಗಿಲಿಗೆ ಅಡ್ಡ ಮಲಗಿದಾಗಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಅವರ ಮನಸ್ಸಿನಲ್ಲೇನಿದೆ ಎಂಬುದಾದರೂ ಗೊತ್ತಿತ್ತು. ನನ್ನ ಮನೆಯಲ್ಲಿ ನಾನಿಲ್ಲದಾಗ ನಡೆಯುವ ಮಾತುಕತೆ ನನಗೇ ಗೊತ್ತಿಲ್ಲ.

ಈ ಸಂಕಟವನ್ನು ನಾನು ತೋಡಿಕೊಂಡದ್ದು ಹುಸೇನಸಾಬರ ಹತ್ತಿರ ಮಾತ್ರ. ಅವರು ಯಲ್ಲಾಪುರದ ಮೋಟಾರಿನ ಏಜೆಂಟರು. ಅದಕ್ಕೂ ಮೊದಲು ಟಾಂಗಾ ಹೊಡೆಯುತ್ತಿದ್ದರು. ಟಾಂಗಾ ಹೋದರೂ ಕುದುರೆಯನ್ನು ಮಾರದೆ, ಹಲ್ಲು ಉದುರಿದ ಅದಕ್ಕೆ ಹುರುಳಿ ಬೇಯಿಸಿ ತಿನ್ನಿಸುತ್ತ ಇಟ್ಟುಕೊಂಡಿದ್ದರು. ಏಜೆಂಟರ ಕುರ್ಚಿಯ ಹಿಂದೆ ಗೋಡೆಯ ಮೇಲೆ ಆ ಕುದುರೆಯ ಫೋಟೋ ಇದೆ. ಕುತ್ತಿಗೆಗೆ ಕೈ ಹಾಕಿಕೊಂಡು ಇವರು ನಿಂತಿದ್ದಾರೆ. ಮದುವೆಯ ದಿನ ಕೂಡ ಇವರು ಅಷ್ಟು ಚೆನ್ನಾಗಿ ನಕ್ಕಿರಲಿಕ್ಕಿಲ್ಲ. ಆ ಫೋಟೋವನ್ನು ಮನೆಯೊಳಗೆ ತರಕೂಡದೆಂದು ಅವರ ಬೀಬಿಯ ಅಪ್ಪಣೆಯಾಗಿದೆಯಂತೆ.

"ಅರೇ ಸಾವಕಾರ್ರ," ಎಂದರು ನನ್ನ ಕಥೆ ಕೇಳಿ, "ನಮ್ಮ ಮನ್ಯಾಗ ಆಕೀಗೆ ಘೋಡಾದ ಮ್ಯಾಲೆ ಸಿಟ್ಟು, ನಿಮ್ಮ ಮನ್ಯಾಗ ನಿಮಗ ಗಿಳಿ ಮ್ಯಾಲೆ. ಹುಬ್ಬಳ್ಳಿಯಿಂದ ಫೋಟೋದಾಂವ ನಾಳೆ ನಮ್ಮ ಗಾಡ್ಯಾಗ ಬರಾಕತ್ತಾನ. ನೀವಿಬ್ಬರ ಕೂತು ಒಂದು ಫೋಟೋ ತೆಗೆಸ್ರಿ. ಗ್ವಾಡಿ ಮ್ಯಾಲೆ ಗಂಡಾ ಹೆಂಡತಿ ಇಬ್ಬರ. ಆವಾಗ ನಿಮ್ಮ ಗಿಳಿ ಕೆಳಗ ಕೂತು ನೋಡಲಿ!"

ಈ ಮಾತು ನನಗೆ ಬಹಳ ಹಿಡಿಸಿತು. ಮನೆಗೆ ಬಂದು ಹೇಳಿದರೆ ಗಂಗವ್ವ ಗಾಬರಿಯಾದಳು. "ಬ್ಯಾಡ್ರಿ! ಫೋಟೋ ತೆಗೆಸಿದ್ರ ಆಯುಷ್ಯ ಕಡಿಮಿ ಆಗತೈತಂತ."

"ಯಾರದು?"

"ಯಾರದಂದ್ರ? ನಿಮ್ಮದ."

ಹೆಸರು ಹೇಳಿದರೂ ನನ್ನದು, ಫೋಟೋ ತೆಗೆಸಿದರೂ ನನ್ನದು; ಯಾರದೋ ಮದುವೆಗೆ ಯಾರದೋ ಎಣ್ಣೆ ಸುಟ್ಟಂತೆ ನನ್ನ ಆಯುಷ್ಯವೊಂದೇ ಎಲ್ಲದಕ್ಕೂ ಏಕೆ ಖರ್ಚಾಗಬೇಕೋ ತಿಳಿಯಲಿಲ್ಲ. ಖರ್ಚಾದರೆ ಆಗಲಿ, ಬಾ, ಎಂದು ಬಹಳ ಒತ್ತಾಯ ಮಾಡಿದೆ. ಅವಳು ಯೋಚಿಸಿ, ಪಂಜರದ ಕಡೆ ನೋಡಿ, "ಮಾಣಿಕನೂ ಬರೂದಾದ್ರ ಬರ್ತೀನಿ. ಅದಕ್ಕೊಬ್ಬಂಗ ಮನ್ಯಾಗ ಬ್ಯಾಸರ ಆಗತೈತಿ" ಎಂದಳು. ನನಗೆ ಬೇಸರವಾಗುತ್ತದೆಯೋ ಇಲ್ಲವೋ ಎಂದು ಕೇಳಲಿಲ್ಲ.

ಫೋಟೋದವನು ಮೋಟಾರು ನಿಲ್ಲುವ ಜಾಗದ ಹಿಂದೆ ಪರದೆ ಕಟ್ಟಿದ್ದ. ಪರದೆಯ ಮೇಲೆ ಅರಮನೆ, ಮೆಟ್ಟಿಲು, ಕೊಳ, ಕೊಳದಲ್ಲಿ ಎರಡು ಹಂಸ. ಊರಿಗೆ ಊರೇ ನೆರೆದಿತ್ತು. ನಾನು ಹೊಸ ಕೋಟು, ಜರಿಯ ರುಮಾಲು ಹಾಕಿಕೊಂಡು ಕುರ್ಚಿಯ ಮೇಲೆ ಕೂತೆ. ಗಂಗವ್ವ ಇಳಕಲ್ ಸೀರೆಯುಟ್ಟು ನನ್ನ ಪಕ್ಕದಲ್ಲಿ ನಿಂತಳು. ನಮ್ಮ ನಡುವೆ ಎತ್ತರದ ಸ್ಟೂಲಿನ ಮೇಲೆ ಪಂಜರ. "ಗಿಳಿ ಆ ಕಡೆ ಇರಲಿ" ಎಂದೆ ನಾನು. "ಆ ಕಡೆ ಬಿಸಿಲೈತಿ" ಎಂದಳು ಅವಳು. ಫೋಟೋದವನು ಕಲಾವಂತನ ಗತ್ತಿನಿಂದ ತಲೆ ಓರೆ ಮಾಡಿ, "ನಡುವ ಇರಲಿ ಬಿಡ್ರಿ, ಚಿತ್ರ ತುಂಬಿಧಂಗ ಕಾಣತೈತಿ" ಎಂದು ತೀರ್ಪು ಕೊಟ್ಟ. ನನ್ನ ಜೊತೆ ನನ್ನ ಹೆಂಡತಿ ನಿಂತರೆ ಚಿತ್ರ ತುಂಬುವುದಿಲ್ಲವಂತೆ!

"ನಾ ಮುಚ್ಚಳ ತೆಗೆದು ಮತ್ತ ಹಾಕೂ ತನಕ ಯಾರೂ ಅಲ್ಲಾಡಬ್ಯಾಡ್ರಿ. ಉಸಿರೂ ಬಿಡಬ್ಯಾಡ್ರಿ. ಅಲ್ಲಾಡಿದವರ ಮಾರಿ ಬರೂದಿಲ್ಲ" ಎಂದು ಎಚ್ಚರಿಸಿ ಕ್ಯಾಮೆರಾದ ಕರಿಯ ಬಟ್ಟೆಯೊಳಗೆ ತಲೆ ತೂರಿಸಿದ. ಆ ತಲೆಯಿಲ್ಲದ ಪ್ರಾಣಿಯನ್ನು ನೋಡಿ ಮಾಣಿಕ ರೆಕ್ಕೆ ಬಡಿಯಿತು. ಬಡಿಯಲಿ, ಬಡಿಯಲಿ, ಮುಚ್ಚಳ ತೆಗೆದಾಗಲೂ ಹೀಗೇ ಬಡಿಯಲಿ, ಇದರ ಮೋರೆಯೇ ಬಾರದಿರಲಿ ಎಂದು ನಾನು ಮನಸ್ಸಿನಲ್ಲೇ ಬಸವಣ್ಣನಿಗೆ ಕಾಯಿ ಹೇಳಿಕೊಂಡೆ. ಅವನು ಹೊರಗೆ ಬಂದ. ಮುಚ್ಚಳ ತೆಗೆದ. ಜನವೆಲ್ಲ ಗಪ್ಪಾಯಿತು. ನಾನು ಕಲ್ಲಾದೆ.

ಆಗ ನನ್ನ ಕಿವಿಯ ಪಕ್ಕದಲ್ಲೇ, ಗಂಗವ್ವನ ದನಿಯಲ್ಲಿ, ಗಂಗವ್ವನದೇ ರಾಗದಲ್ಲಿ, ಯಾರೋ ಕರೆದರು:

"ಚನಬಸೂ... ಉಂಡ್ಯೇನೋ?"

ನಾನು ಗಕ್ಕನೆ ತಿರುಗಿದೆ. ಗಂಗವ್ವನ ತುಟಿ ಅಲುಗಿರಲಿಲ್ಲ. ಮುಖದಲ್ಲಿ ರಕ್ತವಿರಲಿಲ್ಲ, ಕಣ್ಣು ನೆಲದಲ್ಲಿ ನೆಟ್ಟಿತ್ತು. ನಡುವಿದ್ದ ಪಂಜರದ ಕಡೆ ನೋಡಿದೆ. ಗಿಳಿ ರೆಕ್ಕೆ ಮಡಚಿ, ಎದೆಯುಬ್ಬಿಸಿ ಕೂತಿತ್ತು. ಮುಚ್ಚಳ ಬಿತ್ತು.

"ಸಾವಕಾರ್ರ, ಅಲ್ಲಾಡಿದ್ರಿ" ಎಂದ ಫೋಟೋದವನು.

ಹಿಂದಿನಿಂದ ಹುಲಗೋಳದ ಹವ್ಯಕ ಹಿರಿಯರೊಬ್ಬರು ಪಕ್ಕದವರನ್ನು ಗಟ್ಟಿಯಾಗಿ ವಿಚಾರಿಸಿದರು. "ಎಂತ ಹೇಳ್ತು ಅದು? ಚನಬಸ ಹೇಳಿದ್ರೆ ಯಾರು ಮಾರಾಯಾ? ಉಂಡಿದ್ನಿಲ್ಯಾ ಅವ?" ಜನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹುಸೇನಸಾಬರು ನಗಲಿಲ್ಲ. ಅವರು ಕುದುರೆ ಸಾಕಿದವರು, ಅವರಿಗೆ ಏನೋ ಅರ್ಥವಾಗಿರಬೇಕು.

ಇನ್ನೊಂದು ಫೋಟೋಕ್ಕೆ ಗಂಗವ್ವ ಒಪ್ಪಲಿಲ್ಲ. ಆಯುಷ್ಯ ಒಂದು ಸಲ ಕಡಿಮೆಯಾದದ್ದೇ ಸಾಕು ಎಂದಳು. ದಾರಿಯುದ್ದಕ್ಕೂ ಪಂಜರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಹಿಂದೆ ದೂರ ದೂರ ನಡೆದಳು. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕೇಳಿದೆ, "ಗಿಳಿಗೆ ನನ್ನ ಹೆಸರು ಯಾರು ಕಲಿಸಿದ್ರು?" ಅವ್ವ ತೀರಿಕೊಂಡದ್ದು ಗಿಳಿ ಬರುವುದಕ್ಕೆ ಎಷ್ಟೋ ಮೊದಲು. ನಮ್ಮ ಮನೆಯಲ್ಲಿ ಕಲಿಸುವ ಮೂರನೆಯ ಬಾಯಿಯೇ ಇಲ್ಲ.

ಅವಳು ಕಂಬದ ಮರೆಗೆ ನಿಂತಳು. "ನಾ ಅನ್ನಬಾರದಲ್ರೀ. ಗಿಳಿ ಅಂದ್ರ ಏನೂ ಆಗೂದಿಲ್ಲ. ಅದಕ್ಕೇನು ನೀವು ಗಂಡನಾ? ನೀವು ದಿನಾ ಅಂಗಡಿಗೆ ಹೋಗ್ತೀರಿ. ಮಧ್ಯಾಹ್ನದಾಗ ಯಾರರ ಒಬ್ಬರು ನಿಮ್ಮ ಹೆಸರ ಹಿಡಿದು ಉಂಡ್ಯಾ ಅಂತ ಕೇಳಿದ್ರ, ನನಗ ಕೇಳಾಕ ಹಿತ ಆಗತೈತಿ. ಅದಕ್ಕ ಕಲಿಸಿದೆ."

"ಕಲಿಸೂದಂದ್ರ, ನೀ ಅನ್ನಬೇಕಾತಲ್ಲ?"

"ಪಿಸುಮಾತಿನ್ಯಾಗ ಅಂದೀನಿ. ಪ್ರತಿ ಸಲ ಅಂದ ಮ್ಯಾಲೂ ದೇವರ ಮನ್ಯಾಗ ಕಲ್ಲಿನಾಥನ ಮುಂದ ತಪ್ಪಾತಂತ ಗಲ್ಲಾ ಬಡಕೊಂಡೀನಿ. ಅದು ಭಾಳ ದಡ್ಡ ಐತ್ರಿ, ಒಂದ ಸಲಕ್ಕ ಬರೂದಿಲ್ಲ."

ನಾನು ನಾಚಿಕೆ ಬಿಟ್ಟು, "ಹಂಗಾದ್ರ ನನಗೂ ಒಂದ ಸಲ ಅನ್ನು, ಪಿಸುಮಾತಿನ್ಯಾಗ" ಎಂದೆ.

"ಬಿಡ್ತು ಅನ್ರಿ!" ಎಂದು ಎರಡೂ ಕಿವಿ ಮುಚ್ಚಿಕೊಂಡಳು. "ಬೇಕಾದ್ರ ಅದರ ಕಡೀಂದ ಅನ್ನಸ್ತೀನಿ. ಮಾಣಿಕಾ, ಅನ್ನಪಾ, ನನ್ನ ಬಂಗಾರ." ಮಾಣಿಕ ನನ್ನನ್ನು ನೋಡಿತು. ಬಾಯಿ ಮುಚ್ಚಿತು.

ಫೋಟೋಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇವೆ. ಗಂಗವ್ವ ಸ್ಪಷ್ಟವಾಗಿ ಬಂದಿದ್ದಾಳೆ, ಸೀರೆಯ ಅಂಚು ಕೂಡ ಎದ್ದು ಕಾಣುತ್ತದೆ. ಗಿಳಿಯ ಒಂದೊಂದು ಗರಿಯೂ ಬಂದಿದೆ. ಅರಮನೆ ಬಂದಿದೆ, ಹಂಸ ಬಂದಿವೆ. ಕುರ್ಚಿಯ ಮೇಲೆ ಕೋಟೊಂದು ಕೂತಿದೆ; ರುಮಾಲಿನ ಕೆಳಗೆ ಮೂಗು ಎರಡಿವೆ, ಕಣ್ಣಿಲ್ಲ. ಬಂದವರೆಲ್ಲ ಗಿಳಿಯನ್ನು ಹೊಗಳಿ, "ಇವರು ಯಾರ್ರೀ?" ಎಂದು ಕೇಳುತ್ತಾರೆ. ಗಂಗವ್ವ ಹೆಸರು ಹೇಳುವಂತಿಲ್ಲ. "ಅವರು" ಎನ್ನುತ್ತಾಳೆ.

ಇಷ್ಟೆಲ್ಲ ಆದ ಮೇಲೆ ನನ್ನ ಹೊಟ್ಟೆಕಿಚ್ಚು ತಣ್ಣಗಾಯಿತು ಎಂದುಕೊಂಡಿರಾ? ಅದು ಈಗ ಸರಿಯಾಗಿ ಹತ್ತಿಕೊಂಡಿದೆ. ಮೊದಲು ಅದರ ಹೆಸರನ್ನು ಅವಳು ಕರೆಯುತ್ತಾಳೆಂದು ಉರಿಯುತ್ತಿದ್ದೆ. ಈಗ ನನ್ನ ಹೆಸರನ್ನೇ ಅದರ ಕಿವಿಯಲ್ಲಿ ಹೇಳಿದ್ದಾಳೆ. ದಡ್ಡ ಹಕ್ಕಿಯ ತಲೆಗೆ ಹತ್ತುವವರೆಗೆ, ಎಷ್ಟು ಮಧ್ಯಾಹ್ನ ಕೂತು, ಎಷ್ಟು ಮೆತ್ತಗೆ ಹೇಳಿರಬೇಕು! ಅಷ್ಟನ್ನೂ ಕೇಳಿದ್ದು ಅದು. ನಾನು ಆಗ ಪೇಟೆಯಲ್ಲಿ ಧೋತರ ಅಳೆಯುತ್ತಿದ್ದೆ.

ಮೊನ್ನೆ ತಡೆಯಲಾರದೆ ಊಟದ ಹೊತ್ತಿಗೂ ಮೊದಲೇ ಅಂಗಡಿಗೆ ಅಡ್ಡಹಲಗೆ ಹಾಕಿ, ಸ್ವಂತ ಮನೆಯ ಹಿತ್ತಿಲಲ್ಲಿ ಕಳ್ಳನಂತೆ ಗೋಡೆಗೆ ಕಿವಿಯಿಟ್ಟು ನಿಂತೆ. ಬಹಳ ಹೊತ್ತು ಪಾತ್ರೆಯ ಸದ್ದು. ಆಮೇಲೆ ಒಳಗಿನಿಂದ ಮೆಲ್ಲಗೆ ಬಂತು: "ಚನಬಸೂ... ಉಂಡ್ಯೇನೋ?"

ಗಿಳಿಯೋ, ಗಂಗವ್ವನೋ ಗೊತ್ತಾಗಲಿಲ್ಲ. ಎರಡು ಹೆಜ್ಜೆ ಹೋಗಿ ಇಣುಕಿದ್ದರೆ ಗೊತ್ತಾಗುತ್ತಿತ್ತು. ಆದರೆ ಗಿಳಿಯಾಗಿದ್ದರೆ ನನ್ನನ್ನು ಕಂಡು ಬಾಯಿ ಮುಚ್ಚುತ್ತದೆ, ಅವಳಾಗಿದ್ದರೂ ಮುಚ್ಚುತ್ತಾಳೆ. "ಇಲ್ಲ, ಇನ್ನೂ ಉಂಡಿಲ್ಲ" ಎಂದು ಗೋಡೆಗೆ ಹೇಳಿ, ಹಸಿದ ಹೊಟ್ಟೆಯಲ್ಲೇ ಅಂಗಡಿಗೆ ತಿರುಗಿ ಹೋದೆ.