ನಿನ್ನೆ ತಿಂದದ್ದನ್ನು ಇದ್ದಂತೆ ಬರೆಯುವ ಕುರಿತು

ಆಡಳಿತಾಧಿಕಾರಿಗಳ ಕಾರ್ಯಾಲಯ, ಆಸ್ಪತ್ರೆ ವಿಭಾಗ, ದಾಂಡೇಲಿ
(ಹಳಿಯಾಳ, ಜೋಯಿಡಾ, ಮುಂಡಗೋಡ ಘಟಕಗಳನ್ನೊಳಗೊಂಡು)

ಸಂಖ್ಯೆ: ಆಕಾ/ಊಟ/ಮರುಬರಹ/41/2024-25
ದಿನಾಂಕ: 12-02-2025

ವಿಷಯ: ಆಹಾರ ತಜ್ಞೆಯವರ ಆನ್‌ಲೈನ್ ಡಾಕ್ಟರೇಟ್ ಅಧ್ಯಯನಕ್ಕೆ ಸಿಬ್ಬಂದಿಯು ಸಲ್ಲಿಸಿದ ಊಟದ ನಮೂನೆಗಳಲ್ಲಿ ಊಟವೇ ಕಾಣದಿರುವ ಬಗ್ಗೆ.

ಉಲ್ಲೇಖ: 1) ಸಿಬ್ಬಂದಿಯ 41 ನಮೂನೆಗಳು. 2) ಸದರಿ ಅಧ್ಯಯನದ ಗೈಡ್ ಅವರ ಇ-ಮೇಲ್. 3) ಆಸ್ಪತ್ರೆ ಎದುರಿನ ಮಿರ್ಚಿ ಭಜಿ ಗಾಡಿಯವರ ಮೌಖಿಕ ಹೇಳಿಕೆ.

ಈ ಆಸ್ಪತ್ರೆಯ ಆಹಾರ ತಜ್ಞೆ ಶ್ರೀಮತಿ ಮಹೆಜಬೀನ ಅವರು ಪರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಕ್ಲಿನಿಕಲ್ ನ್ಯೂಟ್ರಿಷನ್ ಡಾಕ್ಟರೇಟನ್ನು ಮೂರು ವರ್ಷಗಳಿಂದ, ಸಿಗ್ನಲ್ ಸಿಗುವ ಏಕೈಕ ಸ್ಥಳವಾದ ಮಾಳಿಗೆಯ ನೀರಿನ ಟಾಕಿಯ ಪಕ್ಕ ನಿಂತು ಓದುತ್ತಿದ್ದಾರೆ. ಕೊನೆಯ ಪ್ರಬಂಧಕ್ಕಾಗಿ ಸಿಬ್ಬಂದಿಯು ಹದಿನಾಲ್ಕು ದಿನ ತಿಂದದ್ದನ್ನು ಬರೆದುಕೊಡಬೇಕಿತ್ತು. ಕೊಟ್ಟದ್ದನ್ನು ಲೆಕ್ಕ ಹಾಕಿದ ಗೈಡ್ ಅವರು, ಇಷ್ಟೇ ತಿಂದವರು ಬದುಕಿರುವುದು ಕಷ್ಟ, ಬದುಕಿದ್ದರೂ ಸರಾಸರಿ ಎಂಬತ್ತನಾಲ್ಕು ಕಿಲೋ ತೂಗುವುದು ಅಸಾಧ್ಯ ಎಂದು ತಿಳಿಸಿರುತ್ತಾರೆ. ಇದೇ 28ರೊಳಗೆ ನಿಜವಾದ ನಮೂನೆಗಳು ತಲುಪದಿದ್ದರೆ ಪ್ರಬಂಧ ತಿರಸ್ಕೃತವಾಗಿ, ಮೂರು ವರ್ಷದ ಓದು ನೀರುಪಾಲಾಗುತ್ತದೆ. ಆದ್ದರಿಂದ ತಿನ್ನುವ ಎಲ್ಲರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ತೂಕದ ಯಂತ್ರವೇ ಕೆಟ್ಟಿದೆ ಎಂಬ ಸಿಬ್ಬಂದಿಯ ವಾದವನ್ನು ಪರಿಶೀಲಿಸಲಾಗಿದೆ. ಅಡುಗೆಮನೆಯ ಐವತ್ತು ಕಿಲೋ ಅಕ್ಕಿ ಚೀಲವನ್ನು ಇಟ್ಟು ನೋಡಲಾಗಿ ನಲವತ್ತೇಳು ತೋರಿಸಿತು. ಬೇರೆ ಯಂತ್ರ ತರಿಸಿ ನೋಡಲಾಗಿ ಅದೂ ನಲವತ್ತೇಳೇ ತೋರಿಸಿತು. ಯಂತ್ರ ನಿರ್ದೋಷಿ. ಚೀಲದ ಮೇಲೆ ಪ್ರತ್ಯೇಕ ವಿಚಾರಣೆ ನಡೆಯಲಿದೆ.

2. ನಿಂತು ತಿಂದದ್ದೂ ತಿಂದದ್ದೇ. ಮಿರ್ಚಿ ಗಾಡಿಯ ಮುಂದೆ ಬೈಕ್ ಚಾಲೂ ಇತ್ತು ಎಂಬ ಕಾರಣಕ್ಕೆ ವಿನಾಯಿತಿ ಇರುವುದಿಲ್ಲ.

3. ಪ್ರಥಮ ದರ್ಜೆ ಸಹಾಯಕ ಉಳವಪ್ಪನವರು ಸೋಮವಾರದ ಕಾಲಂನಲ್ಲಿ "ಉಪವಾಸ ಐತ್ರಿ, ಏನೂ ತಿಂದಿಲ್ಲ" ಎಂದು ಬರೆದಿರುತ್ತಾರೆ. ಸದರಿ ದಿನ ಸಾಂಬ್ರಾಣಿ ಊರಿನ ಅತ್ತೆಯ ಮನೆಯಲ್ಲಿ ಅವರು ಎರಡು ತಾಟು ಸಾಬೂದಾಣಿ ಖಿಚಡಿ, ಏಳು ಶೇಂಗಾ ಉಂಡಿ ಹಾಗೂ ಅರ್ಧ ಡಜನ್ ಬಾಳೆಹಣ್ಣು ಸೇವಿಸಿದ್ದು ಅತ್ತೆಯವರಿಂದಲೇ, ಹೆಮ್ಮೆಯಿಂದ, ದೃಢಪಟ್ಟಿದೆ. ಶಿವನು ಒಪ್ಪಿದ ಉಪವಾಸವನ್ನು ಗೈಡ್ ಅವರು ಒಪ್ಪಬೇಕೆಂದಿಲ್ಲ. ಇಬ್ಬರಿಗೂ ಪ್ರತ್ಯೇಕ ನಮೂನೆ ಸಲ್ಲಿಸತಕ್ಕದ್ದು.

4. ನೆಟ್‌ವರ್ಕ್ ಇಲ್ಲದ್ದರಿಂದ ತಿಂದದ್ದು ನೆನಪಾಗಲಿಲ್ಲ ಎಂಬ ಜೋಯಿಡಾ ಘಟಕದ ವಿವರಣೆಯನ್ನು ತಿರಸ್ಕರಿಸಲಾಗಿದೆ. ಮುಂಡಗೋಡ ಘಟಕದವರು ಮೊಮೊವನ್ನು "ತರಕಾರಿ, ಬೇಯಿಸಿದ್ದು" ಎಂಬ ಕಾಲಂನಿಂದ ಕೂಡಲೇ ಹೊರತೆಗೆಯತಕ್ಕದ್ದು.

5. ಚಹಾದ ಸಕ್ಕರೆಗೆ "ಹೆಸರಿಗಷ್ಟ" ಎಂದು ಬರೆಯುವಂತಿಲ್ಲ. ಹೆಸರಿಗಷ್ಟ ಎಂದರೆ ಹಳಿಯಾಳ ಘಟಕದಲ್ಲಿ ಮೂರು ಚಮಚೆ ಎಂದು ತಿಳಿದುಬಂದಿದೆ.

6. ಕೆಳಸಹಿದಾರರು "ಮಧ್ಯಾಹ್ನ: ಮಜ್ಜಿಗೆ" ಎಂದು ಬರೆದ ದಿನಗಳಲ್ಲಿ ನಾಲ್ಕು ಮಿರ್ಚಿ ಸೇವಿಸಿದ್ದಾಗಿ ಉಲ್ಲೇಖ 3ರಲ್ಲಿ ಹೇಳಲಾಗಿದೆ. ಪ್ರಕರಣವನ್ನು ಕೆಳಸಹಿದಾರರೇ ಕೂಲಂಕಷವಾಗಿ ಪರಿಶೀಲಿಸಿ ತಮ್ಮನ್ನು ಕ್ಷಮಿಸಿರುತ್ತಾರೆ.

7. ಅಡುಗೆಯವರಾದ ಅಂಬೇವಾಡಿಯ ಗೋದುಬಾಯಿಯವರ ನಮೂನೆಯಲ್ಲಿ ಹದಿನಾಲ್ಕು ದಿನವೂ ಒಂದೇ ಉತ್ತರವಿದೆ: "ಊಟ ಆತ್ರಿ, ನೀವು ಉಣ್ರಿ." ಬರೆದುಕೊಟ್ಟವರು ಉಳವಪ್ಪನವರು. ಮಹೆಜಬೀನ ಅವರು ಮೂರು ದಿನ ಅಡುಗೆಮನೆಯಲ್ಲಿ ಕುಳಿತು ನೋಡಲಾಗಿ, ರೋಗಿಗಳಿಗೂ ಇಲ್ಲಿನ ಸಿಬ್ಬಂದಿಗೂ ಬಡಿಸಿದ ಮೇಲೆ, ನಾಲ್ಕು ಗಂಟೆಗೆ, ಗೋದುಬಾಯಿಯವರು ತಳಕ್ಕೆ ಹತ್ತಿದ ಅನ್ನವನ್ನು ಕೆರೆದು ಚಹಾದ ಜೊತೆ ಉಂಡಿರುತ್ತಾರೆ. ಒಂದು ದಿನ ತಳವೂ ಹತ್ತಿರಲಿಲ್ಲ. ಉಳಿದೆಲ್ಲರೂ ತಿಂದದ್ದನ್ನು ಮುಚ್ಚಿಟ್ಟರೆ, ಇವರೊಬ್ಬರು ತಿನ್ನದ್ದನ್ನು ತಿಂದೆನೆಂದು ಬರೆಸಿರುತ್ತಾರೆ. ತೂಕ ಮೂವತ್ತೆಂಟು ಕಿಲೋ. ತಿದ್ದಿದ ಈ ನಮೂನೆಯನ್ನು ಗೈಡ್ ಅವರಿಗೆ ಕಳುಹಿಸಲಾಗಿ, ಲೆಕ್ಕಕ್ಕೂ ದೇಹಕ್ಕೂ ತಾಳೆಯಾದ ಮೊದಲ ನಮೂನೆ ಇದೆಂದು ಉತ್ತರ ಬಂದಿದೆ.

8. "ಗೋದಕ್ಕಾ, ಊಟ ಆತೇನ್ರಿ?" ಎಂದು ನಾವೆಲ್ಲರೂ ಪ್ರತಿದಿನ, ಬಾಯಲ್ಲಿ ತುತ್ತು ಇಟ್ಟುಕೊಂಡೇ, ಕೇಳಿರುತ್ತೇವೆ. ಇದರಿಂದ ಈ ಕಾರ್ಯಾಲಯಕ್ಕೆ ನಾಚಿಕೆಯಾಗಿದೆ. ಆಡಳಿತ ಭಾಷೆಯಲ್ಲಿ ಬೇರೆ ಪದ ಸಿಗಲಿಲ್ಲವಾದ್ದರಿಂದ ಅದನ್ನೇ ಬಳಸಲಾಗಿದೆ.

9. ನಾಳೆಯಿಂದ ಹನ್ನೆರಡೂವರೆಗೆ ಗೋದುಬಾಯಿಯವರು ಮೊದಲ ಪಂಕ್ತಿಯಲ್ಲಿ ಕೂರತಕ್ಕದ್ದು. ಬಡಿಸುವವರು ಕೆಳಸಹಿದಾರರು. ಗೋದುಬಾಯಿಯವರು ಉಂಡು ಕೈ ತೊಳೆಯುವವರೆಗೆ ಯಾರೂ ತಾಟು ಮುಟ್ಟುವಂತಿಲ್ಲ. ಉಳಿದ ನಲವತ್ತು ನಮೂನೆಗಳನ್ನು, ಘಟಕಗಳವರೂ ಇಲ್ಲಿಗೇ ಬಂದು, ಅದೇ ಪಂಕ್ತಿಯಲ್ಲಿ, ಅವರ ಎದುರಿಗೇ ಕುಳಿತು ಬರೆಯತಕ್ಕದ್ದು. ಅವರ ಮುಂದೆ ಸುಳ್ಳು ಬರೆಯುವ ಧೈರ್ಯ ಯಾರಿಗೂ ಆಗಲಾರದೆಂದು ನಂಬಲಾಗಿದೆ.

ಸಹಿ/-
(ಮಹಾಂತಪ್ಪ)
ಆಡಳಿತಾಧಿಕಾರಿ, ದಾಂಡೇಲಿ

ಪ್ರತಿಗಳು:
1. ಹಳಿಯಾಳ, ಜೋಯಿಡಾ, ಮುಂಡಗೋಡ ಘಟಕಗಳಿಗೆ, ಪಾಲನೆಗಾಗಿ. (ಜೋಯಿಡಾಕ್ಕೆ ಬಸ್ಸಿನಲ್ಲಿ.)
2. ಉಳವಪ್ಪನವರ ಅತ್ತೆಯವರಿಗೆ, ಸಾಂಬ್ರಾಣಿ, ಸಹಕಾರಕ್ಕೆ ವಂದನೆಗಳೊಂದಿಗೆ.
3. ಮಿರ್ಚಿ ಗಾಡಿಯವರಿಗೆ, ಇನ್ನು ಮುಂದೆ ಕೆಳಸಹಿದಾರರ ವಿಷಯದಲ್ಲಿ ಮೌನವಹಿಸಲು.
4. ಶ್ರೀಮತಿ ಮಹೆಜಬೀನ ಅವರಿಗೆ, ನೀರಿನ ಟಾಕಿಯ ಪಕ್ಕ.
5. ಗೋದುಬಾಯಿಯವರಿಗೆ, ಉಳವಪ್ಪನವರ ಮೂಲಕ, ಊಟವಾದ ಮೇಲೆ ಓದಿ ಹೇಳಲು. ಊಟ ಆಯಿತೆಂದು ಅವರು ಹೇಳಿದರೆ ನಂಬದೆ, ತಾಟು ನೋಡಿ ಓದತಕ್ಕದ್ದು.