ಉಪ್ಪು ಬಿಟ್ಟ ಅತ್ತೆ, ಚಿವುಟುವ ಮೈದುನ

ಆಗ ನನಗೆ ನಲವತ್ತೆರಡು. ಅದಾಗಿ ಈಗ ನಲವತ್ತು ವರ್ಷ ದಾಟಿತು. ನನ್ನ ಮೈದುನನಷ್ಟು ನಾಚಿಕೆಗೆಟ್ಟ ಡಾಕ್ಟರನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ!

ಅವನ ದವಾಖಾನೆ ಗಡಹಿಂಗ್ಲಜದಲ್ಲಿ. ಬೇರೆ ಡಾಕ್ಟರರು ನಾಡಿ ಹಿಡಿದರೆ ಇವನು ಚರ್ಮ ಚಿವುಟುತ್ತಿದ್ದ. ಮೈಯಲ್ಲಿ ನೀರು ಎಷ್ಟಿದೆ, ಉಪ್ಪು ಎಷ್ಟಿದೆ, ಇದೇ ಅವನ ಧ್ಯಾನ. ಯಡ್ರಾವದಲ್ಲಿ ಒಂದು ಮದುವೆ. ಬಿಸಿಲಲ್ಲಿ ಓಡಾಡಿ ಸುಸ್ತಾಗಿದ್ದ ಬೀಗರು ಚಪ್ಪರದ ಕೆಳಗೆ ಕುಳಿತಿದ್ದರು. ಇವನು ಹೋಗಿ ಅವರ ಹಣೆ ಚಿವುಟಿದ!

“ನಾಲಿಗಿ ತಗೀರಿ. ಮುಂಜಾನಿಂದ ಎಷ್ಟ ಸರ್ತಿ ಉಚ್ಚಿಗೆ ಹೋಗೀರಿ?”

“ಇಂವಾ ಆಶೀರ್ವಾದ ಕೇಳಾಕ ಬಂದಾನಂತ ತಿಳದಿದ್ನಲ್ಲರೀ!” ಎಂದು ಬೀಗರು ಬಾಯಿ ಬಿಟ್ಟರು. ಬಿಟ್ಟದ್ದೇ ತಡ, ನಾಲಿಗೆಯನ್ನೂ ನೋಡಿಬಿಟ್ಟ! ಉಪ್ಪು ಸಕ್ಕರೆ ನೀರು ಕುಡಿಸಿದ. ಬೀಗರು ಎದ್ದು ಓಡಾಡಿದರು. ನಮ್ಮ ಮಾನ ಮಾತ್ರ ಅಲ್ಲೇ ಮಲಗಿತು.

ಇಂಥವನ ತಾಯಿ, ನನ್ನ ಅತ್ತೆ, ಇಚಲಕರಂಜಿಯ ನಮ್ಮ ಮನೆಯಲ್ಲೇ ಇದ್ದಳು. ಆ ಚಾತುರ್ಮಾಸದಲ್ಲಿ ಬಸದಿಗೆ ಹೋಗಿ, ಮುನಿಗಳ ಮುಂದೆ ಉಪ್ಪು ಬಿಡುವ ವ್ರತ ಹಿಡಿದಳು. ಸೂರ್ಯ ಮುಳುಗಿದ ಮೇಲೆ ನಮ್ಮ ಜೈನರಲ್ಲಿ ನೀರು ಮುಟ್ಟುವಂತಿಲ್ಲ. ಅದಕ್ಕೇ ಸಂಜೆಯೊಳಗೆ ಕಾಸಿದ ನೀರನ್ನು ತಂಬಿಗೆಯ ಮೇಲೆ ತಂಬಿಗೆ ಕುಡಿಯುತ್ತಿದ್ದಳು. ಜೊತೆಗೆ ಬಿಪಿಗೆಂದು ಉಚ್ಚೆ ಹೆಚ್ಚಿಸುವ ಗುಳಿಗೆ ಬೇರೆ.

ಬರುಬರುತ್ತ ಮಾತು ಬಿಟ್ಟಳು. ಊಟ ಬಿಟ್ಟಳು. ನನ್ನನ್ನು ನೋಡಿ ಎಂದೋ ಸತ್ತ ತನ್ನ ತಂಗಿಯ ಹೆಸರು ಹಿಡಿದು ಕರೆದಳು. ಓಣಿಯ ಹೆಂಗಸರಿಗೆ ಇಷ್ಟು ಸಾಲದೇ?

“ವೈರಾಗ್ಯ ಬಂದೈತ್ರೀ! ಸಂಸಾರ ಮರತಾರ. ಇನ್ನ ಉಪವಾಸ ಹಿಡದು ದೇಹ ಬಿಡೋ ಸಲ್ಲೇಖನಾನ!” ಎಂದು ಸುತ್ತ ಕುಳಿತು ಭಜನೆ ಶುರುಮಾಡಿದರು. ನನ್ನ ಗಂಡ ಕೈಮುಗಿದು ನಿಂತುಬಿಟ್ಟರು. ಸೊಸೆಯನ್ನು ಬಯ್ಯುವುದನ್ನೇ ಮರೆತಳೆಂದರೆ ಅದು ವೈರಾಗ್ಯವೇ? ನನಗೆ ನಂಬಿಕೆ ಬರಲಿಲ್ಲ. ಗಡಹಿಂಗ್ಲಜಕ್ಕೆ ಫೋನು ಮಾಡಿಸಿದೆ.

ಬಂದ. ಭಜನೆಯ ನಡುವೆಯೇ ತಾಯಿಯ ಎದೆಯ ಮೇಲಿನ ಚರ್ಮ ಚಿವುಟಿದ, ನಾಲಿಗೆ ನೋಡಿದ, ಕಾಲು ಒತ್ತಿ ನೋಡಿದ. ಆಮೇಲೆ ಅಷ್ಟೂ ಧರ್ಮವಂತೆಯರ ಎದುರು ನನ್ನನ್ನು ಕೇಳಿದ: “ವೈನಿ, ಅವ್ವ ದಿನಾ ನೀರ ಎಷ್ಟ ಕುಡದಾಳ? ಉಚ್ಚಿ ಎಷ್ಟ ಹೋಗ್ಯಾಳ?”

“ರಾಮ ರಾಮ!” ಎಂದು ಒಬ್ಬಳು ಕಿವಿ ಮುಚ್ಚಿಕೊಂಡಳು. ನಾನು ತಂಬಿಗೆ ಎತ್ತಿ ತೋರಿಸಿ ಎಲ್ಲ ಹೇಳಿದೆ. ಉಪ್ಪು ಬಿಟ್ಟದ್ದನ್ನೂ, ಗುಳಿಗೆಯನ್ನೂ.

“ಮೈಯಾಗ ನೀರಿಗೇನೂ ಬರ ಇಲ್ಲ. ಉಪ್ಪು ತೊಳಕೊಂಡ ಹೋಗೇತಿ. ಅದಕ್ಕ ಮೆದುಳು ಬಾತೈತಿ. ವೈರಾಗ್ಯ ಅಲ್ಲ ಇದು. ಗಾಡಿ ತರ್ರಿ!”

ಕೊಲ್ಹಾಪುರದ ದೊಡ್ಡ ದವಾಖಾನೆಯಲ್ಲಿ ರಕ್ತ ನೋಡಿ, ಉಪ್ಪಿನ ಅಂಕಿ ನೂರಾ ಎಂಟು ಎಂದರು.

“ನೂರಾ ಎಂಟು! ಜಪಮಾಲಿ ಲೆಕ್ಕಾನ ಬಂತು ನೋಡ!” ಎಂದು ನನ್ನ ಗಂಡ ಮತ್ತೆ ಕೈಮುಗಿದರು.

“ಅಣ್ಣಾ, ನೂರಾ ನಲವತ್ತರ ಹತ್ರ ಇರಬೇಕಿತ್ತು! ಇನ್ನ ಸ್ವಲ್ಪ ಇಳದ್ರ ಫಿಟ್ಸ್ ಬಂದು ಹೋಗಿಬಿಡ್ತಾಳ!”

ಗಂಡ ಕೈ ಇಳಿಸಿದರು.

ಉಪ್ಪಿನ ಸಲೈನು ಹಚ್ಚಿದರು. ಅಲ್ಲಿಯ ಡಾಕ್ಟರರು ಗುರುತಿನವರು, ಇವನ ಕೈಗೇ ಬಿಟ್ಟರು. ಇವನೋ, ಹನಿ ಹನಿಯಾಗಿ ಬಿಡುತ್ತಾನೆ. “ಜೋರ್ ಬಿಡಲೇ ಡಾಕ್ಟರಾ, ಮುದುಕಿ ಹೋದೀತು!” ಎಂದು ನಾನು ಗದರಿದೆ. “ಜೋರ್ ಬಿಟ್ರ ಮೆದುಳ ಕೆಡತೈತಿ ವೈನಿ. ಸುಮ್ನ ಕೂಡ್ರಿ” ಎಂದು ನನಗೇ ತಿರುಗಿ ಗದರಿದ. ಮತ್ತೆ ಮತ್ತೆ ರಕ್ತ ನೋಡಿಸಿದ, ಉಚ್ಚೆ ಅಳೆದ. ಒಂದು ಸಲವೂ ‘ಅವ್ವಾ’ ಎನ್ನಲಿಲ್ಲ. ಯಾವಳೋ ಪರವೂರಿನ ಪೇಶಂಟು ಎಂಬಂತೆ ನೋಡುತ್ತಿದ್ದ. ಕಲ್ಲು!

ಮೂರನೆಯ ದಿನ ಮಧ್ಯಾಹ್ನ ಅತ್ತೆ ಕಣ್ಣು ಬಿಟ್ಟಳು. ಬಾಟಲಿ ನೋಡಿದಳು.

“ಅದೇನ?”

“ಉಪ್ಪನೀರ.”

“ನನ್ನ ವ್ರತ ಕೆಡಿಸಿದೇನೋ ಭಾಡ್ಯಾ!”

“ನರದಾಗ ಹೋಗೇತಿ. ನಾಲಿಗಿಗೆ ತಾಗಿಲ್ಲ.”

ಮುದುಕಿ ವಿಚಾರ ಮಾಡಿದಳು. ಒಪ್ಪಿದಳು. ಅವನ ಮುಖವನ್ನೇ ನೋಡುತ್ತ, “ಸೊರಗೀಯಲ್ಲೋ ತಮ್ಮಾ. ಉಂಡೀಯೇನ?” ಎಂದಳು.

ಅಷ್ಟೇ. ಮಂಚದ ಅಂಚಿಗೆ ಹಣೆ ಹಚ್ಚಿ, ನಾಚಿಕೆಗೆಟ್ಟವನು, ವಾರ್ಡಿನ ತುಂಬ ಕೇಳುವಂತೆ ಅತ್ತ.

ನಾನು ಸಂಜೆಯ ಬಸ್ಸಿಗೆ ಊರಿಗೆ ಬಂದೆ. ಮರುದಿನ ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡಿಕೊಂಡು ಕೊಲ್ಹಾಪುರಕ್ಕೆ ಹೋದೆ. ಅವನನ್ನು ಒಂದು ಖಾಲಿ ಕೋಣೆಯಲ್ಲಿ ಕೂಡಿಸಿ, ಬುತ್ತಿ ಬಿಚ್ಚಿ ಮುಂದಿಟ್ಟು, ಬಾಗಿಲಿಗೆ ಅಡ್ಡ ನಿಂತೆ. ಕರೆಯಲು ಬಂದ ನರ್ಸಿಗೆ ಹೇಳಿದೆ: “ನಮ್ಮ ಡಾಕ್ಟರ್ ಸಾಹೇಬರು ಉಣ್ಣಾಕತ್ತಾರ. ಆಮ್ಯಾಲ ಬರ್ರಿ.”