ಪಿಂಚಣಿದಾರರು ಅಂತರ್ಜಾಲದಲ್ಲಿ ರೈಲು ಬಿಡುವ ಕುರಿತು

ಹಿರಿಯ ನಾಗರಿಕರ ಉತ್ತೇಜನ ಇಲಾಖೆ
ಬಲ್ಗೇರಿಯದ ಬೆಟ್ಟಸೀಮೆ ವಲಯ ಕಚೇರಿ

ಸಂಖ್ಯೆ: ಹಿನಾಉ/ಅಂಜಾ/41/ತಿದ್ದುಪಡಿಯ ತಿದ್ದುಪಡಿ

ವಿಷಯ: ಕಾಮೆನ್‌ಬ್ರೋದ್ ಪಟ್ಟಣದ ನಿವೃತ್ತರು ಅಂತರ್ಜಾಲ ಬಳಸಿ ಹೆಚ್ಚುವರಿ ಆದಾಯ ಗಳಿಸುವಂತೆ ಇಲಾಖೆ ಹುರಿದುಂಬಿಸಿದ್ದು, ಅವರಲ್ಲೊಬ್ಬರು ಗಳಿಸಿಯೇಬಿಟ್ಟಿದ್ದು, ತತ್ಸಂಬಂಧ ಮುಂದಿನ ಕ್ರಮ.

ಉಲ್ಲೇಖ: 1. ಇಲಾಖೆಯ 'ಇಳಿವಯಸ್ಸಿನಲ್ಲೂ ಗಳಿಕೆ' ಯೋಜನೆ. 2. ರೈಲ್ವೆಯವರ ಸಿಟ್ಟಿನ ಪತ್ರ. 3. ಅದಕ್ಕಿಂತಲೂ ಸಿಟ್ಟಿನ ಎರಡನೆಯ ಪತ್ರ.

1. ಸದರಿ ಯೋಜನೆಯಡಿ ಕಾಮೆನ್‌ಬ್ರೋದ್‌ನ ಪಿಂಚಣಿದಾರರ ಕ್ಲಬ್ಬಿನಲ್ಲಿ ತರಬೇತಿ ಏರ್ಪಡಿಸಲಾಗಿತ್ತು. ಕ್ಲಬ್ಬಿಗೆ ಅಂತರ್ಜಾಲ ಸಂಪರ್ಕವಿಲ್ಲದ ಕಾರಣ ಮೊದಲ ಪಾಠಗಳನ್ನು ಕಪ್ಪುಹಲಗೆಯ ಮೇಲೆ ಕಂಪ್ಯೂಟರಿನ ಚಿತ್ರ ಬರೆದು ನಡೆಸಲಾಯಿತು. ಹಾಜರಾದವರಿಗೆ ಚಹಾ ಮತ್ತು ಚೀಸ್ ತುಂಬಿದ ಬಾನಿತ್ಸಾ ಎಂಬ ತಿಂಡಿ ನೀಡಲಾಯಿತು. ಯಾರೂ ಏನನ್ನೂ ಗಳಿಸದ ಕಾರಣ ಇಲಾಖೆಗೆ ಯಾವ ತೊಡಕೂ ಉಂಟಾಗದೆ, ಯೋಜನೆ ಯಶಸ್ವಿಯಾಗಿದೆ ಎಂದು ಘೋಷಿಸಲಾಗಿತ್ತು.

2. ಈ ಘೋಷಣೆಗೆ ಧಕ್ಕೆ ತಂದವರು ಶ್ರೀಮತಿ ಸ್ಲಾವ್ಕಾ ಪೌನೊವಾ. ಇವರು ಊರಿನ ರೈಲು ನಿಲ್ದಾಣದಲ್ಲಿ ಪ್ರಕಟಣೆ ಓದುತ್ತಿದ್ದು, ಲಾಭವಿಲ್ಲವೆಂದು ರೈಲು ನಿಲ್ಲಿಸಿದ ದಿನವೇ ನಿವೃತ್ತರಾದವರು. ತಮಗೆ ಏನು ಬರುತ್ತದೆ ಎಂದು ತರಬೇತುದಾರರು ಕೇಳಲಾಗಿ, "ರೈಲು ಬರ್ತಿದೆ ಅಂತ ಹೇಳೋಕೆ ಬರುತ್ತೆ, ಅಷ್ಟೇ ಕಣಪ್ಪಾ. ಬರದೇ ಇದ್ದಾಗ್ಲೂ ಹೇಳ್ತಿದ್ದೆ" ಎಂದರು. "ಹಾಗಾದ್ರೆ ಅದನ್ನೇ ಮಾರಿ" ಎಂದು ತರಬೇತುದಾರರು ಹೇಳಿದ್ದು ತನಿಖೆಯಲ್ಲಿ ದೃಢಪಟ್ಟಿದೆ. ಅವರನ್ನು ಬೇರೆ ವಿಷಯ ಕಲಿಸಲು ವರ್ಗಾಯಿಸಲಾಗಿದೆ.

3. ಶ್ರೀಮತಿಯವರು ಜನರ ಶುಭಸಮಾರಂಭಗಳಿಗೆ ನಿಲ್ದಾಣದ ಧಾಟಿಯಲ್ಲಿ ಪ್ರಕಟಣೆ ಓದಿ, ಹಣ ಪಡೆದು ಅಂತರ್ಜಾಲದಲ್ಲಿ ಕಳುಹಿಸತೊಡಗಿದರು. ಪ್ಲೊವ್ಡಿವ್‌ನ ಒಂದು ಮದುವೆಗೆ ಅವರು ಓದಿದ್ದು: "ವಧು ಮೊದಲನೇ ಪ್ಲಾಟ್‌ಫಾರ್ಮಿಗೆ ಆಗಮಿಸುತ್ತಿದ್ದಾರೆ. ವರ ಎಂದಿನಂತೆ ತಡವಾಗಿ ಬರುತ್ತಿದ್ದಾರೆ. ಅಡಚಣೆಗಾಗಿ ವಿಷಾದಿಸುತ್ತೇವೆ." ಇದು ಊರೂರು ಸುತ್ತಿ, ಬೇಡಿಕೆ ಬಂದೇ ಬಂತು. ಶ್ರೀಮತಿಯವರು ಸೋರುತ್ತಿದ್ದ ಮಾಡು ರಿಪೇರಿ ಮಾಡಿಸಿ, ಚಳಿಗಾಲದ ಸೌದೆಯನ್ನು ಮೊದಲ ಬಾರಿಗೆ ಬೇಸಿಗೆಯಲ್ಲೇ ತರಿಸಿಕೊಂಡರು.

4. ಹೆಚ್ಚುವರಿ ಆದಾಯ ಬಂದಿರುವುದರಿಂದ ಮೂಲ ಆದಾಯದ ಅಗತ್ಯವಿಲ್ಲವೆಂದು ಪರಿಗಣಿಸಿ ಅವರ ಪಿಂಚಣಿಯನ್ನು ತಡೆಹಿಡಿಯಲಾಯಿತು. ಅವರು ಕಚೇರಿಗೆ ಬಂದು, "ಗಳಿಸು ಅಂದೋರೂ ನೀವೇ, ಕಿತ್ಕೊಂಡೋರೂ ನೀವೇ. ನಾನು ಯಾರನ್ನ ಬಯ್ಯಲಿ ಹೇಳಿ?" ಎಂದು ಕೇಳಿದರು. "ಉತ್ತೇಜನ ಈ ಟೇಬಲ್ಲು, ಕಡಿತ ಆ ಟೇಬಲ್ಲು. ನಮಗೂ ಅವರಿಗೂ ಮಾತಿಲ್ಲಮ್ಮಾ" ಎಂದು ವಾಸ್ತವ ಸಂಗತಿಯನ್ನು ತಿಳಿಸಲಾಯಿತು.

5. ಹೀಗಿರಲು, ಪಕ್ಕದ ಮನೆಯ ನಿವೃತ್ತ ಕಲ್ಲುಕುಟಿಗ ಶ್ರೀ ಮೆತೋದಿ ಕರಜೋವ್ ಎಂಬವರು, ಒಂದು ಭರಣಿ ಸುಟ್ಟ ಮೆಣಸಿನ ಗೊಜ್ಜಿನೊಂದಿಗೆ ಶ್ರೀಮತಿಯವರ ಬಾಗಿಲಿಗೆ ಬಂದರು. ಮೆತೋದಿಯವರ ಕಣ್ಣಿಗೆ ಪೊರೆ ಬಂದಿದ್ದು, ಆಸ್ಪತ್ರೆ ಜಿಲ್ಲಾ ಕೇಂದ್ರದಲ್ಲಿದೆ. ಬಸ್ಸು ಹೆದ್ದಾರಿಯಲ್ಲೇ ಇಳಿಸಿ ಹೋಗುತ್ತದೆ. ಮುಂದಿನ ದಾರಿ ಕಾಣದೆ ಇವರು ಎರಡು ಸಲ ಚರಂಡಿಗೆ ಬಿದ್ದಿದ್ದಾರೆ. "ಸ್ಲಾವ್ಕಕ್ಕಾ, ನಮ್ಮ ಏಳು ಗಂಟೆ ಗಾಡೀನ ಒಂದ್ಸಲ ಕೂಗು. ಕೇಳಿ ಸಾಕಷ್ಟು ದಿನ ಆಯ್ತು" ಎಂದರು. ಗೊಜ್ಜನ್ನು ಹೆಚ್ಚುವರಿ ಆದಾಯವೆಂದು ದಾಖಲಿಸಲಾಗಿದೆ.

6. ಶ್ರೀಮತಿಯವರು ಅಂದು ಸಂಜೆ, ಮರುದಿನ ಬೆಳಿಗ್ಗೆ ಏಳಕ್ಕೆ ಜಿಲ್ಲಾ ಕೇಂದ್ರದ ರೈಲು ಹೊರಡಲಿದೆ ಎಂದು ಅಂತರ್ಜಾಲದಲ್ಲಿ ಕೂಗಿದರು. ಬೆಳಗಾಗುವಷ್ಟರಲ್ಲಿ ನಿಲ್ದಾಣದಲ್ಲಿ ಜನ. ಕೆಲವರು ತಮಾಷೆಗೆ ಬಂದವರು. ಹೆಚ್ಚಿನವರು ಔಷಧಿ ಚೀಟಿ ಹಿಡಿದು ಬಂದವರು. ಅವರನ್ನು ವಾಪಸು ಕಳಿಸಲೆಂದು ಶ್ರೀಮತಿಯವರು ಗಾಬರಿಯಿಂದ ಓಡಿದರಾದರೂ, ಇಸ್ತ್ರಿ ಮಾಡಿದ ಕೋಟು ತೊಟ್ಟು ಬೆಂಚಿನ ತುದಿಯಲ್ಲಿ ಕೂತಿದ್ದ ಮೆತೋದಿಯವರನ್ನು ನೋಡಿ ತಾವೂ ಪಕ್ಕದಲ್ಲೇ ಕೂತುಬಿಟ್ಟರು. ಶ್ರೀಮತಿಯವರು ಕಣ್ಣೊರೆಸಿಕೊಂಡದ್ದು ಧೂಳಿನಿಂದ ಎಂದು ವರದಿಯಲ್ಲಿ ನಮೂದಾಗಿದೆ.

7. ರೈಲ್ವೆ ಅಧಿಕಾರಿಯೊಬ್ಬರು ಸ್ಥಳಕ್ಕೆ ಧಾವಿಸಿ, "ತಾತ, ರೈಲು ನಿಂತು ಹನ್ನೊಂದು ವರ್ಷ ಆಯ್ತು" ಎಂದು ತಿಳಿಹೇಳಿದರು. ಮೆತೋದಿಯವರು, "ತಡ ಆಗಿದೆ ಅನ್ನಿ. ಈ ಲೈನಲ್ಲಿ ಯಾವತ್ತು ಟೈಮಿಗೆ ಬಂದಿತ್ತು? ಕಾಯ್ತೀವಿ ಬಿಡಿ" ಎಂದರು. ಕಾದರು. ಮರುದಿನವೂ ಕಾದರು. ಬುತ್ತಿ ತಂದರು. ಟೀವಿಯವರು ಬಂದರು. ಚುನಾವಣೆ ಹತ್ತಿರವಿತ್ತು.

8. ಆದಕಾರಣ ಜನಸಂದಣಿಯನ್ನು ತೆರವುಗೊಳಿಸಲು ರೈಲ್ವೆಯವರು ಎರಡು ಬೋಗಿಯ ವಾಹನವೊಂದನ್ನು ಕಳುಹಿಸಿ, ಎಲ್ಲರನ್ನೂ ತುಂಬಿಕೊಂಡು ಜಿಲ್ಲಾ ಕೇಂದ್ರದಲ್ಲಿ ಇಳಿಸಿದರು. ಸಂಜೆ ಅಲ್ಲಿಯ ನಿಲ್ದಾಣದಿಂದಲೂ ಅವರನ್ನು ತೆರವುಗೊಳಿಸಬೇಕಾಗಿ ಬಂದು, ಮರಳಿ ಊರಿಗೆ ತಂದು ಬಿಡಲಾಯಿತು. ಮರುದಿನ ಮತ್ತೆ ಸಂದಣಿ. ಸದರಿ ತೆರವು ಕಾರ್ಯಾಚರಣೆಯು ಈಗ ನಿತ್ಯ ಬೆಳಿಗ್ಗೆ ಮತ್ತು ಸಂಜೆ ಯಶಸ್ವಿಯಾಗಿ ನಡೆಯುತ್ತಿದೆ. ಮೆತೋದಿಯವರ ಶಸ್ತ್ರಚಿಕಿತ್ಸೆ ಆಗಿದ್ದು, ಅವರು ಇಲಾಖೆಯ ಸುತ್ತೋಲೆಗಳನ್ನು ಓದಬಲ್ಲವರಾಗಿರುವುದು ಆತಂಕದ ಸಂಗತಿ.

9. ಮೇಲ್ಕಂಡ ಕಾರಣಗಳಿಗಾಗಿ ಎಲ್ಲ ನಿವೃತ್ತರಿಗೆ ಕಟ್ಟುನಿಟ್ಟಾಗಿ ತಿಳಿಯಪಡಿಸುವುದೇನೆಂದರೆ:

(ಅ) ಸದರಿ ವಾಹನವನ್ನು ರೈಲು ಎಂದು ಕರೆಯತಕ್ಕದ್ದಲ್ಲ. ಅದು 'ಹಳಿ ಮೇಲಿನ ಸಂದಣಿ ನಿವಾರಕ'.

(ಆ) ಅದರೊಳಗೆ ಕರವಸ್ತ್ರ ಹಾಕಿ ಸೀಟು ಹಿಡಿಯುವುದು, ಕಿಟಕಿಯಿಂದ ಕೈ ಬೀಸುವುದು, ಬೇಯಿಸಿದ ಮೊಟ್ಟೆ ಸುಲಿಯುವುದು ಪ್ರಯಾಣದ ಲಕ್ಷಣಗಳಾದ್ದರಿಂದ ನಿಷೇಧಿಸಲಾಗಿದೆ. ತೆರವುಗೊಳ್ಳುತ್ತಿರುವವರು ದುಃಖಿತರಾಗಿ ಕಾಣತಕ್ಕದ್ದು.

(ಇ) ನಿವೃತ್ತರು ಅಂತರ್ಜಾಲದಲ್ಲಿ ಗಳಿಸುವುದನ್ನು ಇಲಾಖೆ ಎಂದಿನಂತೆ ಪ್ರೋತ್ಸಾಹಿಸುತ್ತದೆ. ಗಳಿಕೆಯು ಆದಾಯ ಎನ್ನಿಸಿಕೊಳ್ಳುವಷ್ಟು ಇರತಕ್ಕದ್ದಲ್ಲ.

(ಈ) ತಡೆಹಿಡಿದ ಪಿಂಚಣಿ ಕುರಿತ ಮೇಲ್ಮನವಿಯನ್ನು ಜಾಲತಾಣದಲ್ಲೇ ಸಲ್ಲಿಸತಕ್ಕದ್ದು. ಜಾಲತಾಣ ದುರಸ್ತಿಯಲ್ಲಿದೆ.

(ಉ) ಯಾವ ರೈಲೂ ಇಲ್ಲವೆಂದು ಶ್ರೀಮತಿ ಪೌನೊವಾ ಅವರು ಪ್ರತಿದಿನ, ಸಂಭಾವನೆಯಿಲ್ಲದೆ, ಪ್ರಕಟಿಸತಕ್ಕದ್ದು.

10. ಉಪಕಂಡಿಕೆ (ಉ)ಅನ್ನು ಶ್ರೀಮತಿಯವರು ಕೂಡಲೇ ಪಾಲಿಸಿದ್ದಾರೆ. ಅವರ ಪ್ರಕಟಣೆಯನ್ನು ಮಾಹಿತಿಗಾಗಿ ಯಥಾವತ್ತಾಗಿ ಕೊಡಲಾಗಿದೆ: "ಪ್ರಯಾಣಿಕರ ಗಮನಕ್ಕೆ. ಜಿಲ್ಲಾ ಕೇಂದ್ರಕ್ಕೆ ಯಾವುದೇ ರೈಲು ಇರುವುದಿಲ್ಲ. ಇಲ್ಲದ ರೈಲು ಒಂದನೇ ಪ್ಲಾಟ್‌ಫಾರ್ಮಿನಿಂದ ಏಳು ಗಂಟೆಗೆ ಸರಿಯಾಗಿ ಹೊರಡಲಿದೆ."

(ಸಹಿ ಓದಲಾಗುವುದಿಲ್ಲ)
ಪ್ರಭಾರ ಉಪನಿರ್ದೇಶಕರು
ಉತ್ತೇಜನ ವಿಭಾಗ

ಪ್ರತಿಗಳು:
1. ರೈಲ್ವೆ ವಲಯ ಕಚೇರಿಗೆ, ಮೂರನೆಯ ಪತ್ರ ಬರೆಯಬಾರದೆಂಬ ಕೋರಿಕೆಯೊಂದಿಗೆ.
2. ಕಡಿತ ವಿಭಾಗಕ್ಕೆ (ಎದುರು ಟೇಬಲ್ಲು), ನೋಂದಾಯಿತ ಅಂಚೆ ಮೂಲಕ.
3. ಶ್ರೀ ಮೆತೋದಿ ಕರಜೋವ್ ಅವರಿಗೆ, ಸಣ್ಣ ಅಕ್ಷರಗಳಲ್ಲಿ.
4. ಶ್ರೀಮತಿ ಸ್ಲಾವ್ಕಾ ಪೌನೊವಾ ಅವರಿಗೆ, ಗಟ್ಟಿಯಾಗಿ ಓದಬಾರದೆಂಬ ಷರತ್ತಿನ ಮೇಲೆ.